ಕತ್ತೆಮರಿ ಬರೆದ ಟೀಚರಮ್ಮ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣ್ಣನೆಯ ತೊಗಲಿತ್ತು. ಅದರ ಮೇಲೆ ಸದಾ ಯಾವುದಾದರೊಂದು ಬಣ್ಣ ಮೆತ್ತಿಕೊಂಡಿರುತ್ತಿತ್ತು, ಒಂದು ದಿನ ಅರಿಸಿನ, ಒಂದು ದಿನ ಕೆಮ್ಮಣ್ಣು, ಒಂದು ದಿನ ಬಟ್ಟೆಗೆ ಹಾಕುವ ನೀಲಿ. ಚಿಕ್ಕಂದಿನಲ್ಲಿ ತಮ್ಮೂರು ಮಿರ್ಲೆಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬೆರಳು ಸಿಕ್ಕಿಕೊಂಡು ಉಗುರು ಹೋಯಿತಂತೆ. "ಹೋಗಿದ್ದೇ ಒಳ್ಳೇದಾಯ್ತು ಕಣಮ್ಮ. ಉಗುರಿದ್ದಿದ್ರೆ ಕಾಗ್ದ ಗೀರೋದು" ಎನ್ನುತ್ತಾ ಆ ಬೆರಳಿನಿಂದಲೇ ಬಣ್ಣ ಹರಡುತ್ತಿದ್ದರು. ಕುಂಚ ಗಿಂಚ ಅವರ ಹತ್ತಿರ ಏನೂ ಇರಲಿಲ್ಲ.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೋಟೆ ತಾಲ್ಲೂಕಿನಲ್ಲಿ ಬಂಡೆ ಒಡೆಸುತ್ತಿದ್ದ ಒಬ್ಬ ಕಂಟ್ರಾಕ್ಟರರ ಕ್ಯಾಂಪಿನಲ್ಲಿ ನಮ್ಮ ಯಜಮಾನರು ಸ್ಟೋರ್ ಕೀಪರ್ ಆಗಿದ್ದರು. ನಾನು ಹುಣಸೂರಿನವಳು, ಮದುವೆಯಾಗಿ ಆ ಕಲ್ಲುಪುಡಿಯ ನಡುವೆ ಬಂದು ಬಿದ್ದಿದ್ದೆ. ಊರಿನ ಹೆಸರನ್ನಾಗಲಿ, ಕಂಟ್ರಾಕ್ಟರರ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಈಗ ಆಗಬೇಕಾದದ್ದೇನೂ ಉಳಿದಿಲ್ಲ.

ಕ್ಯಾಂಪು ಎಂದರೆ ಎರಡು ಲೋಕ. ಏರಿನ ಮೇಲೆ ನಮ್ಮಂಥವರ ಹೆಂಚಿನ ಕ್ವಾರ್ಟರ್ಸ್. ಇಳಿಜಾರಿನಲ್ಲಿ, ಬಂಡೆಗೆ ಹತ್ತಿರವಾಗಿ, ಕಲ್ಲು ಒಡೆಯುವವರ ಶೆಡ್ಡುಗಳು. ಅವರು ಹೆಚ್ಚಿನವರು ಧರ್ಮಪುರಿ, ಸೇಲಂ ಕಡೆಯಿಂದ ಬಂದ ತಮಿಳರು. ಗಂಡ ಹೆಂಡತಿ ಇಬ್ಬರೂ ಸುತ್ತಿಗೆ ಹಿಡಿದು ಹೋದರೆ ಮಕ್ಕಳು ಇಡೀ ದಿನ ದೂಳಿನಲ್ಲಿ ಹೊರಳಾಡಿಕೊಂಡಿರುತ್ತಿದ್ದವು. ಎರಡು ಲೋಕಕ್ಕೂ ಸೇರಿದ್ದೆಂದರೆ ಹುಣಸೆಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ಒಂದು ತುಂಡು. ಅದನ್ನು ಬಿಟ್ಟುಬಿಟ್ಟು ಬಡಿದರೆ ಕೆಲಸಕ್ಕೆ ಹೊತ್ತಾಯಿತೆಂದು ಅರ್ಥ. ಬಿಡದೆ ಒಂದೇ ಸಮನೆ ಬಡಿದರೆ ಬಂಡೆಗೆ ಇಟ್ಟ ಮದ್ದು ಈಗ ಸಿಡಿಯುತ್ತದೆ, ಓಡಿ ಅವಿತುಕೊಳ್ಳಿ ಎಂದು ಅರ್ಥ. ದೊಡ್ಡವರಿಗೆಲ್ಲ ಇದು ಗೊತ್ತಿತ್ತು. ಮಕ್ಕಳಿಗೆ ಹೇಳಿಕೊಡಬೇಕು ಅನ್ನುವುದು ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ.

ಟೀಚರಮ್ಮ ಬಂದದ್ದು ಆ ಮಕ್ಕಳಿಗಾಗಿ. ಕಂಟ್ರಾಕ್ಟರರು ನಾಲ್ಕು ಜನರ ಬಾಯಲ್ಲಿ ಒಳ್ಳೆಯವರೆನ್ನಿಸಿಕೊಳ್ಳಲು ಒಂದು ಬಾಲವಾಡಿ ತೆರೆದಿದ್ದರು. ಒಂದು ಟ್ರಂಕು, ಒಂದು ಕಂಬಳಿ, ಸೆರಗಿನ ತುದಿಯಲ್ಲಿ ಕಟ್ಟಿದ ನಸ್ಯದ ಡಬ್ಬಿ, ಇಷ್ಟು ಹಿಡಿದುಕೊಂಡು ಅವರು ಬಸ್ಸಿಳಿದರು. ಆಗಲೇ ನಲವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಕ್ವಾರ್ಟರ್ಸಿನ ಹೆಂಗಸರು ಅರಿಸಿನ ಕುಂಕುಮಕ್ಕೆ ಕರೆಯುವಂತಿರಲಿಲ್ಲ, ಅವರೂ ಕರೆಯಲಿ ಎಂದು ಕಾಯಲಿಲ್ಲ. ಮಾತು ಒರಟು. ನಮ್ಮನ್ನೆಲ್ಲ "ಕಣಮ್ಮ", "ಏನಮ್ಮ" ಎಂದು ಸಲೀಸಾಗಿ ಮಾತಾಡಿಸುತ್ತಿದ್ದವರು ಸಿಂಬಳ ಸುರಿಸುವ ಮಕ್ಕಳಿಗೆ ಮಾತ್ರ ಬಹುವಚನ. "ಬನ್ನಿ ಸ್ವಾಮಿ, ಮೂಗು ಒರ್ಸ್ಕೊಂಡು ಕೂತ್ಕಳಿ. ಎಲ್ಲಿ, ಇವತ್ತು ಚಡ್ಡಿ ಮನೇಲೇ ಬುಟ್ಟು ಬಂದ್ರಾ?" ಆ ಮಕ್ಕಳಿಗೆ ಹುಟ್ಟಿದಾಗಿನಿಂದ ಯಾರೂ ಮರ್ಯಾದೆ ಕೊಟ್ಟವರಿರಲಿಲ್ಲ. ಅರ್ಥವಾಗದಿದ್ದರೂ ಕಣ್ಣರಳಿಸಿಕೊಂಡು ಕೂರುತ್ತಿದ್ದವು.

ಅರ್ಥವಾಗದೆ ಇದ್ದದ್ದೇ ಅವರಿಗೆ ದೊಡ್ಡ ಚಿಂತೆಯಾಯಿತು. ನಮ್ಮ ಕಡೆಯ ಮಕ್ಕಳು ಒಂದು ಮೂಲೆ, ಶೆಡ್ಡಿನ ಮಕ್ಕಳು ಇನ್ನೊಂದು ಮೂಲೆ. ಕನ್ನಡದಲ್ಲಿ ಕತೆ ಹೇಳಿದರೆ ಆ ಮೂಲೆ ನಿದ್ದೆಹೋಗುತ್ತಿತ್ತು. ಒಂದು ದಿನ ಅವರು ನಮ್ಮ ಮನೆಗೆ ಬಂದು ಯಜಮಾನರನ್ನು ಕೇಳಿದರು:

"ಮದ್ದು ತುಂಬ್ಕೊಂಡು ಬತ್ತದಲ್ಲ, ಆ ಮರದ ಪೆಟ್ಗೆ. ಖಾಲಿದು ಒಂದು ಕೊಡಿ."

"ಏನ್ಮಾಡ್ತೀರಿ ಟೀಚರಮ್ಮ?"

"ಬೊಂಬೆ ಆಡ್ಸ್ತೀನಿ."

ಪೆಟ್ಟಿಗೆಯ ಜೊತೆಗೆ ಆಫೀಸಿನಲ್ಲಿ ಬಿಸಾಡಿದ್ದ ನಕ್ಷೆಯ ಸುರುಳಿಗಳನ್ನೂ ಎತ್ತಿಕೊಂಡು ಹೋದರು. ಮುಂದೆ ಬಂಡೆಯ ನಕ್ಷೆ, ಹಿಂದೆ ಖಾಲಿ ಕಾಗದ. ಆ ಹಿಂಬದಿಯಲ್ಲಿ ಚಿತ್ರದ ಪಕ್ಕ ಚಿತ್ರ ಬರೆದರು. ಒಲೆಯ ಬೂದಿಗೆ ಗೋಂದು ಕಲಸಿ ಬೂದು ಬಣ್ಣ, ಅವರೆ ಸೊಪ್ಪು ಅರೆದು ಹಸಿರು, ಇದ್ದಿಲಿನ ಗೆರೆ. ಒಣಗಿದ ಮೇಲೆ ಕಾಗದಕ್ಕೆ ಹರಳೆಣ್ಣೆ ಸವರಿದರು. ಪೆಟ್ಟಿಗೆಯ ಮುಂದೂ ಹಿಂದೂ ಕಿಟಕಿ ಕೊರೆದು, ಒಳಗೆ ಎರಡು ಬಿದಿರು ಕೋಲು ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಕಾಗದ ಸುತ್ತಿಕೊಳ್ಳುವ ಹಾಗೆ ಮಾಡಿದರು. ಬಾಗಿಲಿಗೆ ಅಡ್ಡವಾಗಿ ಪೆಟ್ಟಿಗೆ ಇಟ್ಟು ಒಳಗೆ ಕತ್ತಲು ಮಾಡಿದರೆ ಹೊರಗಿನ ಬಿಸಿಲು ಎಣ್ಣೆ ಕಾಗದದಲ್ಲಿ ಹಾದು ಚಿತ್ರವೆಲ್ಲ ಬೆಳಗುತ್ತಿತ್ತು. ಕೋಲು ಬೇಗ ಬೇಗ ತಿರುಗಿಸಿದರೆ ಚಿತ್ರ ಓಡುತ್ತಿತ್ತು. ಸಿನಿಮಾ ನೋಡಲು ಹುಣಸೂರಿಗೆ ಹೋಗಬೇಕಾಗಿದ್ದ ಆ ಕಾಲದಲ್ಲಿ ನಾವು ದೊಡ್ಡವರೂ ಕಿಟಕಿಯಲ್ಲಿ ಇಣುಕುತ್ತಿದ್ದೆವು.

ಕತೆಯ ನಾಯಕ ಒಂದು ಕತ್ತೆಮರಿ. ಅದರ ಅವ್ವ ಕನ್ನಡದ ಕತ್ತೆ, ಅಪ್ಪ ತಮಿಳು ಕತ್ತೆ. ಹಾಗಾಗಿ ಮರಿಗೆ ಎರಡೂ ಬರುತ್ತಿತ್ತು. ಪೆಟ್ಟಿಗೆಯ ಎಡಕ್ಕೆ ಟೀಚರಮ್ಮ ಕೂತು ಕನ್ನಡದಲ್ಲಿ ಹೇಳುವುದು, ಬಲಕ್ಕೆ ಪೊನ್ನಮ್ಮ ಎಂಬ ಕಲ್ಲು ಒಡೆಯುವ ಹೆಂಗಸು ಕೂತು ಅದನ್ನೇ ತಮಿಳಿನಲ್ಲಿ ಹೇಳುವುದು. ಪೊನ್ನಮ್ಮ ಆಗ ಬಾಣಂತಿ, ಕೆಲಸಕ್ಕೆ ಹೋಗುತ್ತಿರಲಿಲ್ಲ. ಮೊದಮೊದಲು ನಾಚಿಕೊಂಡು ಸೆರಗು ಕಚ್ಚುತ್ತಿದ್ದವಳು, ಆಮೇಲೆ ಕತ್ತೆಯ ಹಾಗೆ ಅರಚುವುದರಲ್ಲಿ ಟೀಚರಮ್ಮನನ್ನೂ ಮೀರಿಸಿದಳು.

ಮರಿ ಹುಲ್ಲು ಮೇಯುತ್ತಿರುತ್ತದೆ. ಕಂಬಿ ಬಿಡದೆ ಬಡಿಯುತ್ತದೆ. ಮರಿಯ ಕಿವಿ ನೆಟ್ಟಗಾಗುತ್ತದೆ. "ಓಡು! ಅವಿತ್ಕೋ! ಕಿವಿ ಮುಚ್ಕೋ!" ಎಂದು ಎಡಗಡೆಯಿಂದ. "ಓಡು! ಒಳಿಂಜಿಕ್ಕೋ! ಕಾದ ಮೂಡಿಕ್ಕೋ!" ಎಂದು ಬಲಗಡೆಯಿಂದ. ಮರಿ ಓಡಿ ಕಲ್ಲು ಮೋರಿಯೊಳಗೆ ನುಗ್ಗಿ ಕಿವಿ ಮುಚ್ಚಿಕೊಂಡು ಮಲಗುತ್ತದೆ. ಜೊತೆಯಲ್ಲಿದ್ದ ಜಂಬದ ಮೇಕೆ ಮಾತ್ರ ಓಡುವುದಿಲ್ಲ. ಢಂ ಅನ್ನುತ್ತದೆ. ಕಲ್ಲು ಹಾರಿ ಬಂದು ಮೇಕೆಯ ಗಡ್ಡ ಕಿತ್ತುಕೊಂಡು ಹೋಗುತ್ತದೆ. ಬೋಳು ಗಲ್ಲದ ಮೇಕೆ ಕಂಡರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಕೊನೆಯ ಚಿತ್ರದಲ್ಲಿ ಅವ್ವ ಕತ್ತೆ ಬಂದು ಮರಿಯ ಕಿವಿ ಎಣಿಸುತ್ತದೆ. ಮಕ್ಕಳೆಲ್ಲ ಎರಡೂ ಭಾಷೆಯಲ್ಲಿ ಕೂಗಿ ಎಣಿಸಿ ತಮ್ಮ ಕಿವಿ ಮುಟ್ಟಿಕೊಳ್ಳುತ್ತಿದ್ದವು. "ಮೇಕೆಗೆ ಇನ್ನೂ ಜೋರಾಗಿ ಪೆಟ್ಟು ಬೀಳ್ಸಬಾರ್ದಾ ಟೀಚರಮ್ಮ, ಆಗಲ್ವಾ ಹೆದ್ರಿಕೆ ಹುಟ್ಟೋದು?" ಎಂದು ನಾನು ಒಮ್ಮೆ ಕೇಳಿದೆ.

"ಗಡ್ಡ ಹೋದ್ರೆ ಸಾಕು ಕಣಮ್ಮ. ಹೆದ್ರಿದ ಮಗಾ ನಿಂತಲ್ಲೇ ನಿಂತ್ಬುಡ್ತದೆ. ನಕ್ಕಿದ್ದ ಮಗಾ ಓಡ್ತದೆ."

ತಮಿಳು ಯಾಕೆ ಎಂದು ಕ್ವಾರ್ಟರ್ಸಿನ ಒಬ್ಬಿಬ್ಬರು ಮೂಗು ಮುರಿದರು. ಅದಕ್ಕವರು ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ: "ಮಗೀಗೆ ಏನಾರ ನಾಟ್ಬೇಕು ಅಂದ್ರೆ ಅದ್ರ ಅವ್ವ ಬೈಯೋ ಮಾತಲ್ಲಿ ಹೇಳ್ಬೇಕು." ಆಮೇಲಾಮೇಲೆ ನಮ್ಮ ಮಕ್ಕಳ ಬಾಯಲ್ಲಿ ತಮಿಳು, ಆ ಮಕ್ಕಳ ಬಾಯಲ್ಲಿ ಕನ್ನಡ ತಾನಾಗಿಯೇ ಬಂತು. ಎರಡು ಮೂಲೆ ಹೋಗಿ ಒಂದೇ ಚಾಪೆಯಾಯಿತು. ನನ್ನ ಮಗಳು ಸುಮಳಿಗೆ ಸೆಲ್ವಿ ಎಂಬ ಶೆಡ್ಡಿನ ಹುಡುಗಿ ಜೀವದ ಗೆಳತಿಯಾದಳು.

ಆ ಇಬ್ಬರೂ ಒಂದು ದಿನ ನಮ್ಮ ಹಿತ್ತಲಾಚೆ ಅಡುಗೆ ಆಟ ಆಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಸಾಮಾನ್ಯವಾಗಿ ಮದ್ದು ಸಿಡಿಸುತ್ತಿರಲಿಲ್ಲ. ಅವತ್ತು ಏನು ಅವಸರವೋ, ಕಂಬಿ ಬಡಿಯತೊಡಗಿತು. ನಾನು ಒಲೆಯ ಮೇಲಿನ ಹಿಟ್ಟಿನ ಪಾತ್ರೆ ಬಿಟ್ಟು ಓಡುವಷ್ಟರಲ್ಲಿ ಢಂ ಎಂದಿತು. ಹಿತ್ತಲಿಗೆ ಬಂದು ನೋಡಿದರೆ ಆಟದ ಒಲೆಯ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲು ಕೂತಿದೆ, ಮಕ್ಕಳಿಲ್ಲ. ಇಬ್ಬರ ಹೆಸರೂ ಹಿಡಿದು ಕೂಗಿದೆ. ಆಮೇಲೆ ಮೋರಿಯೊಳಗಿಂದ ಕಿಸಿಕಿಸಿ ನಗು ಕೇಳಿಸಿತು. ಇಬ್ಬರೂ ಕಿವಿ ಮುಚ್ಚಿಕೊಂಡು ಬೋರಲು ಮಲಗಿದ್ದರು. ಸುಮ ತಮಿಳಿನಲ್ಲಿ, ಸೆಲ್ವಿ ಕನ್ನಡದಲ್ಲಿ, ಕಿವಿ ಎಣಿಸುತ್ತಿದ್ದರು.

ನಾನು ಮಗಳನ್ನು ಎತ್ತಿಕೊಂಡು ಹಾಗೇ ಬಾಲವಾಡಿಗೆ ಓಡಿಹೋಗಿ ಟೀಚರಮ್ಮನ ಕಾಲು ಹಿಡಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, "ನಂಗ್ಯಾಕಮ್ಮ? ಕತ್ತೆ ಕಾಲು ಹಿಡ್ಕೊ ಹೋಗು" ಎಂದರು. ಮುಖ ಆ ಕಡೆ ತಿರುಗಿಸಿ ನಸ್ಯ ಏರಿಸಿದರು. ಕಣ್ಣೀರು ನಸ್ಯದ್ದು ಎಂದು ನಾನು ನಂಬಬೇಕಿತ್ತು.

ಇಷ್ಟಕ್ಕೇ ನಿಲ್ಲಿಸಿಬಿಡುವಂತಿದ್ದರೆ ಇದೊಂದು ಒಳ್ಳೆಯ ಕತೆಯಾಗುತ್ತಿತ್ತು. ಆದರೆ ಕ್ಯಾಂಪಿಗೆ ಒಬ್ಬ ಮ್ಯಾನೇಜರಿದ್ದ. ಮೈಸೂರಿನವನು, ಇಸ್ತ್ರಿ ಕೆಡದ ಪ್ಯಾಂಟು. ಬಾಲವಾಡಿಗೆ ಒಮ್ಮೆ ಬಂದು ಪೆಟ್ಟಿಗೆ ನೋಡಿ ಕೇಳಿದ:

"ಏನ್ರೀ ಇದು? ಕತ್ತೆ ಕೈಲಿ ಪಾಠ ಹೇಳಿಸ್ತಿದ್ದೀರಾ?"

"ಕುದ್ರೆ ಬರಾಕಿಲ್ಲ ಅಂದ್ಬುಡ್ತು ಸ್ವಾಮಿ. ಕ್ಯಾಂಪಲ್ಲಿ ಹುಲ್ಲು ಸಾಲ್ದಂತೆ" ಎಂದರು ಟೀಚರಮ್ಮ.

ಕೂಲಿಯವರು ನಕ್ಕರು. ಮ್ಯಾನೇಜರೂ ನಕ್ಕ. ಅಂಥವರು ನಕ್ಕರೆ ಲೆಕ್ಕ ಬರೆದಿಟ್ಟುಕೊಂಡರು ಎಂದೇ ಅರ್ಥ. ಯಜಮಾನರು ಮನೆಗೆ ಬಂದು, "ನಿಮ್ಮ ಟೀಚರಮ್ಮನಿಗೆ ನಾಲ್ಗೆ ಸ್ವಲ್ಪ ಹಿಡಿತದಲ್ಲಿ ಇಟ್ಕೊಳೋಕೆ ಹೇಳು" ಎಂದರು. ಹೇಳಿದರೆ ಕೇಳುವ ಜಾತಿಯೇ ಅದು?

ಬಾಲವಾಡಿಗೆ ಹೊಸ ತಗಡಿನ ಶೆಡ್ಡು ಕಟ್ಟಿಸಿ ಅದಕ್ಕೆ ಕಂಟ್ರಾಕ್ಟರರ ತಾಯಿಯ ಹೆಸರಿಟ್ಟರು. ತೆರೆಯಲು ಕಂಟ್ರಾಕ್ಟರರೇ ಬೆಂಗಳೂರಿನಿಂದ ಕಾರಿನಲ್ಲಿ ಬರುವುದೆಂದಾಯಿತು. ನಾವೆಲ್ಲ ಅವರನ್ನು ದೊಡ್ಡ ಧಣಿಗಳು ಎನ್ನುತ್ತಿದ್ದೆವು. ಮಾವಿನ ತೋರಣ, ರಂಗೋಲಿ, ಬಾಳೆಕಂಬ. ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲೊಂದು ಚೆಂಡುಹೂವು ಕೊಟ್ಟು, ಎರಡು ಸಾಲಿನಲ್ಲಿ ನಿಲ್ಲಿಸಿದ್ದೆವು. ಕಾರು ಬಂತು. ಧಣಿಗಳು ಇಳಿದರು. ಹಾರ ಬಿತ್ತು. ಮ್ಯಾನೇಜರನ ಹೆಂಡತಿ ಆರತಿ ತಟ್ಟೆ ಎತ್ತಿದಳು.

ಹುಣಸೆಮರದ ಹತ್ತಿರ ವಾಚ್‌ಮನ್ ನಿಂತಿದ್ದ. ಹೊಸದಾಗಿ ಸೇರಿದವನು, ಮ್ಯಾನೇಜರನ ಶಿಫಾರಸಿನವನು. ಅವನ ಮನೆತನದವರು ತಲೆತಲಾಂತರದಿಂದ ಊರ ದೇವಸ್ಥಾನದಲ್ಲಿ ಜಾಗಟೆ ಬಡಿಯುವ ಸೇವೆಯವರು. ಆರತಿ ಎತ್ತಿದ್ದು ಕಂಡರೆ ಅವನ ಕೈ ಸುಮ್ಮನಿರುತ್ತದೆಯೇ? ಮಂಗಳಾರತಿಗೆ ಜಾಗಟೆ ಇಲ್ಲದಿದ್ದರೆ ಅಪಶಕುನ. ಜಾಗಟೆ ಇರಲಿಲ್ಲ, ಕಂಬಿ ಇತ್ತು. ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ, ಬಿಡದೆ ಬಡಿದ.

ಮಕ್ಕಳ ಕೈಯ ಹೂವು ನೆಲಕ್ಕೆ ಬಿತ್ತು. "ಓಡು! ಒಳಿಂಜಿಕ್ಕೋ!" ಎಂದು ಒಂದು ಕೂಗಿತು, "ಅವಿತ್ಕೋ!" ಎಂದು ಇನ್ನೊಂದು. ಕಣ್ಣು ಮಿಟುಕಿಸುವುದರೊಳಗೆ ಎರಡು ಸಾಲೂ ಮಾಯ. ನಾಲ್ಕೈದು ಮಕ್ಕಳು ಮೋರಿಗೆ, ಒಂದಿಷ್ಟು ಹೊಸ ಶೆಡ್ಡಿನ ಮೇಜಿನಡಿಗೆ, ಮಿಕ್ಕವು ಧಣಿಗಳ ಕಾರಿನ ಕೆಳಕ್ಕೇ ನುಗ್ಗಿದವು. ಕಲ್ಲು ಒಡೆಯುವ ಹೆಂಗಸರು ಸೀರೆ ಎತ್ತಿಕೊಂಡು ಓಡಿದರು. ಎಲ್ಲರೂ ಓಡುವುದನ್ನು ನೋಡಿ ಧಣಿಗಳೂ ಓಡಿದರು. ಜಲ್ಲಿ ರಾಶಿಯ ಮೇಲೆ ಮುಗ್ಗರಿಸಿ, ಕೊರಳ ಹಾರದ ಸಮೇತ ಮಕಾಡೆ ಬಿದ್ದರು. ರೇಷ್ಮೆ ಪಂಚೆ ಮೊಣಕಾಲಿನ ಹತ್ತಿರ ಹರಿಯಿತು. ಆರತಿ ತಟ್ಟೆ ಹಿಡಿದ ಹೆಂಗಸೊಬ್ಬಳೇ ನಿಂತಲ್ಲೇ ನಿಂತಿದ್ದಳು. ಢಂ ಅನ್ನಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾರಿನಡಿಯಿಂದ ಮಕ್ಕಳು ಕಿವಿ ಎಣಿಸುವ ಸದ್ದು ಕೇಳಿಸಿತು.

ನಾನು ನಕ್ಕೆ. ಈಗಲೂ ನೆನೆದರೆ ನಗು ಬರುತ್ತದೆ, ಅದರ ಹಿಂದೆಯೇ ಹೊಟ್ಟೆ ಉರಿಯುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ವಾಚ್‌ಮನ್ ಮ್ಯಾನೇಜರನ ಕಡೆಯವನು, ಅವನಿಗೇನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಟೀಚರಮ್ಮನನ್ನು ಆಫೀಸಿಗೆ ಕರೆಸಿದರು. ಯಜಮಾನರು ಅಲ್ಲೇ ಇದ್ದರು, ಅವರು ಹೇಳಿದ್ದನ್ನೇ ಬರೆಯುತ್ತೇನೆ.

"ಮಕ್ಕಳಿಗೆ ಪಾಠ ಹೇಳಿ ಅಂದ್ರೆ ಹೆದ್ರಿಕೆ ಕಲಿಸಿದ್ದೀರಿ. ಇದು ಮೈಸೂರು ಸೀಮೆ, ಇಲ್ಲಿ ತಮಿಳು ಯಾಕೆ ಬೇಕಿತ್ತು ನಿಮಗೆ?" ಎಂದನಂತೆ ಮ್ಯಾನೇಜರ್.

"ಕಲ್ಲು ಒಡ್ಯಾಕೆ ಬೇಕಿತ್ತಲ್ಲ ಸ್ವಾಮಿ, ಅದಕ್ಕೆ" ಎಂದರಂತೆ ಇವರು.

"ನಾಳೆಯಿಂದ ನೀವು ಬರೋದು ಬೇಡ."

"ಆಯ್ತು, ಬರಲ್ಲ. ಪೆಟ್ಗೆ ಇಲ್ಲೇ ಬುಟ್ಟೋಯ್ತೀನಿ. ಬರೋವ್ರಿಗೆ ತೋರ್ಸೋಕೆ ಹೇಳಿ. ಪೊನ್ನಮ್ಮಂಗೆ ಕತೆ ಗೊತ್ತು. ಅದೊಂದು ನಡ್ಸ್ಕೊಡಿ ಸ್ವಾಮಿ, ನಿಮ್ಮ ಕಾಲಿಗ್ ಬೀಳ್ತೀನಿ."

ನಾಲಿಗೆ ಹಿಡಿತದಲ್ಲಿಲ್ಲದ ಆ ಹೆಂಗಸು ನಿಜವಾಗಿಯೂ ಬಗ್ಗಿ ಅವನ ಕಾಲಿಗೆ ಬಿದ್ದರಂತೆ. ತನ್ನ ಕೆಲಸಕ್ಕಾಗಿ ಅಲ್ಲ, ಕತ್ತೆಮರಿಗಾಗಿ. ಅವನು "ನೋಡೋಣ" ಎಂದ. ನನಗೆ ತಡೆಯಲಾಗಲಿಲ್ಲ. ಸುಮಳನ್ನು ಕಂಕುಳಲ್ಲಿ ಎತ್ತಿಕೊಂಡು ನಾನೇ ಆಫೀಸಿಗೆ ಹೋಗಿ, ಈ ಮಗು ಬದುಕಿರುವುದು ಆ ಪೆಟ್ಟಿಗೆಯಿಂದ ಎಂದು ಹೇಳಿದೆ. "ನೀವು ಮನೆ ಕೆಲಸ ನೋಡ್ಕೊಳ್ಳಿ ತಾಯಿ" ಎಂದು ಫ್ಯಾನು ಹಾಕಿಕೊಂಡ. ಹೊರಗೆ ಬರುವಾಗ ಅವನು ತನ್ನ ಅಡುಗೆಯವನಿಗೆ ಅಚ್ಚ ತಮಿಳಿನಲ್ಲಿ ಕಾಫಿ ತರಲು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

ಟೀಚರಮ್ಮ ಟ್ರಂಕು ಕಂಬಳಿ ಹಿಡಿದು ಮಿರ್ಲೆಗೆ, ತಮ್ಮನ ಮನೆಗೆ ಹೋದರು. ಮೈಸೂರಿನಿಂದ ಅಚ್ಚಾದ ಚಿತ್ರಪಟಗಳು ಬಂದವು. ಸೇಬು, ಹಡಗು, ಕೋಟು ತೊಟ್ಟ ಕರಡಿ, ಎಲ್ಲ ಕನ್ನಡದಲ್ಲಿ. ಹೊಸದಾಗಿ ಬಂದ ಹುಡುಗಿ ಪಾಪ ಒಳ್ಳೆಯವಳೇ, ಗೋಡೆಗೆ ನೇತುಹಾಕಿ ಕೋಲಿನಿಂದ ತೋರಿಸಿ ಹೇಳಿಸುತ್ತಿದ್ದಳು. ಮಕ್ಕಳು ಮತ್ತೆ ಎರಡು ಮೂಲೆಯಾದವು. ಕತ್ತೆಮರಿಯ ಸುರುಳಿ ಏನಾಯಿತೆಂದರೆ, ಎಣ್ಣೆ ಕಾಗದಕ್ಕೆ ನೀರು ಇಳಿಯುವುದಿಲ್ಲವಲ್ಲ, ವಾಚ್‌ಮನ್ ಅದನ್ನು ಒಯ್ದು ಸೋರುತ್ತಿದ್ದ ತನ್ನ ಗುಡಿಸಲ ಮಾಡಿಗೆ ಹೊದಿಸಿದ. ಆ ಮಳೆಗಾಲವೆಲ್ಲ ನಾನು ನೀರಿಗೆ ಹೋಗುವಾಗ ಬೋಳು ಮೇಕೆಯನ್ನು ನೋಡಿಕೊಂಡೇ ಹೋಗುತ್ತಿದ್ದೆ.

ಮಳೆ ಮುಗಿದ ಮೇಲೆ ಧರ್ಮಪುರಿ ಕಡೆಯಿಂದ ಹೊಸ ಕುಟುಂಬಗಳು ಬಂದವು. ಅದರಲ್ಲೊಂದು ಮನೆಯಲ್ಲಿ ಮೂರು ವರ್ಷದ ಗಂಡುಮಗು. ಒಂದು ಸಂಜೆ ಕಂಬಿ ಬಡಿಯಿತು, ಬಡಿಯಬೇಕಾದ ರೀತಿಯಲ್ಲೇ, ಬಡಿಯಬೇಕಾದ ಹೊತ್ತಿಗೇ. ಹಳೆಯ ಮಕ್ಕಳೆಲ್ಲ ಮೋರಿಗೆ ಓಡಿದವು. ಈ ಮಗುವಿಗೆ ಆ ನಾದ ಇಷ್ಟವಾಗಿರಬೇಕು. ಸದ್ದು ಎಲ್ಲಿಂದ ಬರುತ್ತಿದೆಯೆಂದು ನೋಡಲು ಹುಣಸೆಮರದ ಕಡೆ ನಡೆದುಕೊಂಡು ಹೋಯಿತು. ಆ ಹೊತ್ತಿಗೆ ವಾಚ್‌ಮನ್ ಬಡಿದು ಮುಗಿಸಿ ತಾನು ಅವಿತುಕೊಂಡಿದ್ದ. ಆಮೇಲಿನದನ್ನು ಬರೆಯಲಾರೆ. ಟೀಚರಮ್ಮ ಮೇಕೆಯ ಗಡ್ಡಕ್ಕಿಂತ ಮುಂದೆ ಬರೆಯಲಿಲ್ಲ, ನಾನೂ ಬರೆಯುವುದಿಲ್ಲ.

"ಹೆತ್ತವರು ನೋಡ್ಕೋಬೇಕಿತ್ತು" ಎಂದ ಮ್ಯಾನೇಜರ್. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಹುಣಸೆಮರದ ಹತ್ತಿರ ಒಂದು ಬೋರ್ಡು ನಿಲ್ಲಿಸಿದರು. ಅಪಾಯ, ಎಚ್ಚರಿಕೆ ಎಂದು ಕೆಂಪು ಅಕ್ಷರ. ಕನ್ನಡದಲ್ಲೊಂದು ಸಾಲು, ಇಂಗ್ಲಿಷಿನಲ್ಲೊಂದು ಸಾಲು. ಮೂರು ವರ್ಷದ ಮಕ್ಕಳು ಓದಿಕೊಳ್ಳಲಿ ಎಂದು.

ಯಾರು ಸುದ್ದಿ ಮುಟ್ಟಿಸಿದರೋ, ಪೊನ್ನಮ್ಮನೇ ಇರಬೇಕು, ಎರಡು ದಿನ ಕಳೆದ ಮೇಲೆ ಟೀಚರಮ್ಮ ಕೋಟೆ ಬಸ್ಸಿನಿಂದ ಇಳಿದರು. ನೇರ ನಮ್ಮ ಮನೆಗೆ ಬಂದು ನೀರನ್ನೂ ಕುಡಿಯದೆ, "ಯಾವ ಶೆಡ್ಡಮ್ಮ?" ಎಂದರು. ನಾನು ಕರೆದುಕೊಂಡು ಹೋದೆ. ಮಗುವಿನ ತಾಯಿ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಚಿಕ್ಕ ಹುಡುಗಿ, ಸುಮ್ಮನೆ ನೋಡಿದರೆ ಶಾಲೆಗೆ ಹೋಗುವವಳ ಹಾಗಿದ್ದಳು. ಪೊನ್ನಮ್ಮ ಅವಳ ಕಿವಿಯಲ್ಲಿ ಏನೋ ಹೇಳಿದಳು. ಇವರೇ ಆ ಟೀಚರು, ಕತ್ತೆಮರಿಯವರು, ಎಂದಿರಬೇಕು.

ಹುಡುಗಿ ತಲೆಯೆತ್ತಿದಳು. "ಎಲ್ಲಾ ಪುಳ್ಳೆಂಗಳುಕ್ಕುಂ ಸೊಲ್ಲಿ ಕುಡುತ್ತೀಂಗಳಾಮೆ. ಎನ್ ಪುಳ್ಳೆಕ್ಕು ಏನ್ ಸೊಲ್ಲಲೆ?"

ಎಲ್ಲರ ಮಕ್ಕಳಿಗೂ ಹೇಳಿಕೊಟ್ಟಿರಂತೆ, ನನ್ನ ಮಗುವಿಗೆ ಯಾಕೆ ಹೇಳಿಕೊಡಲಿಲ್ಲ ಎಂದು ಕೇಳುತ್ತಿದ್ದಳು. ಆ ಹೊತ್ತಿಗೆ ಅಷ್ಟು ತಮಿಳು ನಮಗೆಲ್ಲ ಬರುತ್ತಿತ್ತು.

ಇವರನ್ನು ಓಡಿಸಿದರು ಕಣೇ, ಇವರು ಕಾಲಿಗೆ ಬಿದ್ದು ಬೇಡಿಕೊಂಡರು, ಕೇಳಬೇಕಾದವನು ಅಗೋ ಅಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾನೆ ಎಂದು ಹೇಳಲು ಬಾಯಿ ತೆರೆದೆ. ಟೀಚರಮ್ಮ ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ನನ್ನದೊಂದು ಬಳೆ ಒಡೆಯಿತು. ಅವರು ಆ ಹುಡುಗಿಯ ಎದುರು ಮಂಡಿಯೂರಿ ಕೂತರು.

"ತಪ್ಪಾಯ್ತು ತಾಯಿ" ಎಂದರು. "ನಂದು ತಪ್ಪಾಯ್ತು."

ಅವಳಿಗೆ ಅರ್ಥವಾಯಿತು. ಎರಡೂ ಕೈಮುಷ್ಟಿಯಿಂದ ಅವರ ಹೆಗಲಿಗೆ, ಎದೆಗೆ ಗುದ್ದಿದಳು, ಬೈದಳು, ಶಪಿಸಿದಳು. ಆವತ್ತಿನಿಂದ ಅಳದೆ ಕಲ್ಲಾಗಿ ಕೂತಿದ್ದಳಂತೆ, ಆಗ ಅತ್ತಳು. ಟೀಚರಮ್ಮ ಅಲ್ಲಾಡಲಿಲ್ಲ. ಅವಳು ಸುಸ್ತಾಗಿ ಅವರ ಮಡಿಲಿಗೇ ಒರಗುವವರೆಗೂ ಹಾಗೇ ಕೂತಿದ್ದರು.

ಒಂದು ವಾರ ನಮ್ಮ ಮನೆಯಲ್ಲಿ ಉಳಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇದ್ದಿಲು ತೆಗೆದುಕೊಂಡು ಶೆಡ್ಡಿನಿಂದ ಶೆಡ್ಡಿಗೆ ಹೋಗಿ, ಪ್ರತಿ ಮನೆಯ ಮಣ್ಣುಗೋಡೆಯ ಮೇಲೆ ಮಗುವಿನ ಕಣ್ಣಿಗೆ ಎಟಕುವ ಎತ್ತರದಲ್ಲಿ ಕತ್ತೆಮರಿಯನ್ನು ಬರೆದು, ಪೊನ್ನಮ್ಮನ ಬಾಯಲ್ಲಿ ಕತೆ ಹೇಳಿಸಿದರು. ಮೇಕೆಯನ್ನು ಮಾತ್ರ ಬರೆಯಲಿಲ್ಲ. ನಗಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲವೆಂದು ಕಾಣುತ್ತದೆ. ಮ್ಯಾನೇಜರನ ಕಡೆಯಿಂದ ಒಬ್ಬ ಬಂದು, ಇವರನ್ನು ಮನೆಯಲ್ಲಿಟ್ಟುಕೊಳ್ಳಬೇಡಿ ಎಂದು ಯಜಮಾನರಿಗೆ ಹೇಳಿಹೋದ. ನಮ್ಮ ಯಜಮಾನರು ಹುಟ್ಟು ಪುಕ್ಕಲು. ಅವತ್ತು ಮಾತ್ರ, "ಅವರು ನಮ್ಮ ಅತ್ತಿಗೆ ಕಣಯ್ಯ, ಹಬ್ಬಕ್ಕೆ ಬಂದವ್ರೆ" ಎಂದು ಬಾಗಿಲು ಹಾಕಿದರು. ಆ ಒಂದು ಮಾತಿಗೆ ನಾನು ಅವರ ಎಷ್ಟೋ ಮಾತುಗಳನ್ನು ಮನ್ನಿಸಿದ್ದೇನೆ.

ಬಂಡೆ ಮುಗಿಯಿತು, ಕ್ಯಾಂಪು ಎದ್ದಿತು. ನಾವು ಪಿರಿಯಾಪಟ್ಟಣಕ್ಕೆ ಬಂದೆವು. ಎಷ್ಟೋ ವರ್ಷಗಳ ಮೇಲೆ, ಟೀಚರಮ್ಮ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಸುಮಳನ್ನು ಕರೆದುಕೊಂಡು ಮಿರ್ಲೆಗೆ ಹೋದೆ. ಅವಳಾಗಲೇ ಲಂಗದಾವಣಿ ಉಡುವ ಹುಡುಗಿ. ತಮ್ಮನ ಮನೆಯ ಜಗಲಿಯ ಒಂದು ಮೂಲೆಯಲ್ಲಿ ಹಾಸಿದ್ದರು. ಬಡಕಲಾಗಿದ್ದರು, ಮಾತು ಮಾತ್ರ ಮುಕ್ಕಾಗಿರಲಿಲ್ಲ. ಸುಮಳ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿ, "ಏನ್ ಸ್ವಾಮಿ, ಕ್ಷೇಮವಾ?" ಎಂದರು. ಅವಳು ಅಲ್ಲಿಂದ ಎದ್ದು ಹಿತ್ತಲಿಗೆ ಹೋಗಿ ಅತ್ತಳು.

ನನ್ನ ಮನಸ್ಸಿನಲ್ಲಿ ಅಷ್ಟು ವರ್ಷ ಕೊಳೆಯುತ್ತಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಅವತ್ತು ಆ ಹುಡ್ಗಿ ಮುಂದೆ ನಿಮ್ದು ತಪ್ಪು ಅಂತ ಯಾಕೆ ಹೇಳಿದ್ರಿ ಟೀಚರಮ್ಮ? ನಿಮ್ದೇನಿತ್ತು ತಪ್ಪು? ಮಾಡಿದವನು ಬೇರೆ, ಬೈಸ್ಕೊಂಡವರು ನೀವು. ನಂಗೆ ಇವತ್ತಿಗೂ ತಡೆಯಲ್ಲ."

ಅವರು ಸೆರಗಿನ ತುದಿ ಬಿಚ್ಚಿ ನಸ್ಯದ ಡಬ್ಬಿ ತೆಗೆದರು.

"ಆ ಮಗಳು ಯಾರ್ನಾದ್ರೂ ಬೈಬೇಕಿತ್ತು ಕಣಮ್ಮ. ಬೈದಿರ್ಲಿಲ್ಲ ಅಂದ್ರೆ ಎದೆ ಒಡ್ದು ಸಾಯೋಳು. ಆಪೀಸಿನ ಗೇಟೊಳಕ್ಕೆ ಅವಳ್ನ ಬುಡ್ತಿದ್ರಾ? ಬು‌ಡ್ತಿರ್ಲಿಲ್ಲ. ನಾನು ಸಿಕ್ಕಿದ್ದೆ."

ಅದೇ ವರ್ಷ ಅವರು ತೀರಿಕೊಂಡರು. ನಮಗೆ ತಿಳಿದದ್ದು ತಿಥಿಯೂ ಕಳೆದ ಮೇಲೆ. ಮ್ಯಾನೇಜರ್ ಚೆನ್ನಾಗಿ ಬಾಳಿ, ಮೈಸೂರಿನಲ್ಲಿ ಮಹಡಿ ಮನೆ ಕಟ್ಟಿಸಿ, ಎಲ್ಲರಿಂದ ದೊಡ್ಡವರು ಎನ್ನಿಸಿಕೊಂಡು ಸತ್ತ. ಆ ಮಗುವಿನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ನನ್ನ ಮಗಳಿಗೆ ಈಗ ಮೊಮ್ಮಕ್ಕಳು. ಆ ತಾಯಿಗೆ ಬೈಯಲು ಟೀಚರಮ್ಮನಾದರೂ ಸಿಕ್ಕಿದ್ದರು. ನನಗೆ ಇನ್ನೂ ಯಾರೂ ಸಿಕ್ಕಿಲ್ಲ.